ಕೆನೆ ಬೇರೆ, ನೊರೆ ಬೇರೆ: ಹೊಸ ಉಪ್ಪುನೀರಿನ ಟ್ಯಾಂಕಿನ ಮೇಲ್ಮೈ ಕಥೆ

ಪ್ರಶ್ನೆ: ಐದು ವಾರದ ಹಿಂದೆ ಮೊದಲ ಸಲ ಉಪ್ಪುನೀರಿನ ಅಕ್ವೇರಿಯಂ ಶುರು ಮಾಡಿದೆ. ಟ್ಯಾಂಕ್ 90×45×50 ಸೆಂ.ಮೀ., ಅಂದರೆ ಸುಮಾರು 200 ಲೀಟರ್. ಸಂಪ್ (ಟ್ಯಾಂಕಿನ ಕೆಳಗೆ ಇಡುವ ಎರಡನೆಯ ತೊಟ್ಟಿ) ಇಲ್ಲ. ಹೊರಗಿಡುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್, ನೀರು ಅಲುಗಿಸುವ ಒಂದು ವೇವ್‌ಮೇಕರ್, ಹತ್ತು ದಿನದ ಹಿಂದೆ ಹಿಂಬದಿಗೆ ನೇತುಹಾಕಿದ ಪ್ರೋಟೀನ್ ಸ್ಕಿಮ್ಮರ್ (ಗುಳ್ಳೆ ಎಬ್ಬಿಸಿ ನೀರಿನ ಕೊಳೆಯನ್ನು ನೊರೆಯಾಗಿ ಮೇಲಿನ ಕಪ್ಪಿಗೆ ತೆಗೆಯುವ ಯಂತ್ರ) ಇವೆ. ಒಣ ಕಲ್ಲು, ಹೊಸ ಅರಗೊನೈಟ್ (ಸುಣ್ಣದಂಶದ) ಮರಳು, ಎರಡು ಸಣ್ಣ ಕ್ಲೌನ್ ಮೀನು. ದಿನಕ್ಕೆ ಒಂದು ಕ್ಯೂಬ್ ಫ್ರೋಜನ್ ಆಹಾರ, ಜೊತೆಗೆ ಸ್ವಲ್ಪ ಪೆಲೆಟ್ ಹಾಕುತ್ತೇನೆ. ಬಾಟಲಿ ಬ್ಯಾಕ್ಟೀರಿಯ ಮೂರು ಸಲ ಹಾಕಿದ್ದೇನೆ. ಪ್ರತಿ ಭಾನುವಾರ ಆರ್‌ಒ ನೀರಿಗೆ ಉಪ್ಪು ಬೆರೆಸಿ, ಯಾವುದಕ್ಕೂ ಇರಲಿ ಎಂದು ಕ್ಲೋರಿನ್ ತೆಗೆಯುವ ಕಂಡೀಷನರ್ ಕೂಡ ಹಾಕಿ ನೀರು ಬದಲಿಸುತ್ತೇನೆ. ಈಗ ನೀರಿನ ಮೇಲೆ ಬೂದು ಬಣ್ಣದ ಪದರ ಕಟ್ಟಿದೆ, ಬಲಗಡೆ ಹಿಂದಿನ ಮೂಲೆಯಲ್ಲಿ ಬಿಳಿ ನೊರೆ ನಿಲ್ಲುತ್ತದೆ. ಸೋಮವಾರ ಸ್ಕಿಮ್ಮರ್ ಉಕ್ಕಿ ನೆಲವೆಲ್ಲ ಒದ್ದೆ. ಗುರುವಾರದ ಹೊತ್ತಿಗೆ ಕಪ್ಪಿಗೆ ಒಂದು ಹನಿಯೂ ಬೀಳುವುದಿಲ್ಲ. ಅಮೋನಿಯ ಕಿಟ್ 0.25 ತೋರಿಸುತ್ತಿದೆ. ನೀರೆಲ್ಲ ಚೆಲ್ಲಿ ಮೊದಲಿಂದ ಶುರು ಮಾಡಲೇ? ಅಥವಾ ನೊರೆ ಇಳಿಸುವ ದ್ರಾವಣ ಹಾಕಬಹುದೇ? ಇನ್ನೊಂದು, ಬೆಳಗ್ಗೆ ಎದ್ದಾಗ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ.

ಉತ್ತರ: ನೀರು ಚೆಲ್ಲಬೇಡಿ, ದ್ರಾವಣವನ್ನೂ ಹಾಕಬೇಡಿ. ಯಾಕೆ ಬೇಡ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು, ನೀವು 'ಇನ್ನೊಂದು' ಅಂತ ಕೊನೆಗೆ ಸೇರಿಸಿದ ಆ ಒಂದು ಸಾಲು. ಆ ಬೂದು ಪದರವನ್ನು, ಅಂದರೆ ಕೆನೆಯನ್ನು, ನಾಳೆ ನೋಡಿಕೊಂಡರೂ ನಡೆಯುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಇವತ್ತೇ ನೋಡಬೇಕು.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಸಮುದ್ರದಷ್ಟು ಉಪ್ಪು ಬೆರೆತರೆ ಅದು 6.7ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಉಪ್ಪುನೀರಿನ ಮೀನಿಗೆ ಮೊದಲೇ ಕೈ ಬಿಗಿ. ಅದರ ಮೇಲೆ ಹೊಸ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯ ಹಗಲೂ ರಾತ್ರಿ ಆಮ್ಲಜನಕ ತಿನ್ನುತ್ತಿರುತ್ತದೆ. ದೀಪ ಆರಿದ ಮೇಲೆ ಪಾಚಿಯೂ ಕೊಡುವುದನ್ನು ನಿಲ್ಲಿಸಿ ತಾನೇ ಬಳಸಲು ಶುರುಮಾಡುತ್ತದೆ. ಗಾಳಿ ಒಳಗೆ ಬರುವ ಮುಖ್ಯ ಬಾಗಿಲು ನೀರಿನ ಮೇಲ್ಮೈ. ಅಲ್ಲಿ ಕೆನೆ ಕಟ್ಟಿದರೆ ಅಲೆ ಏಳುವುದಿಲ್ಲ. ಅಲೆ ಏಳದಿದ್ದರೆ ಕೆಳಗಿನ ನೀರು ಮೇಲೆ ಬಂದು ಗಾಳಿ ತೆಗೆದುಕೊಂಡು ಹೋಗುವುದಿಲ್ಲ. ರಾತ್ರಿಯಿಡೀ ಖರ್ಚು, ಬೆಳಗಿನ ಜಾವ ಖಾಲಿ ಜೇಬು. ನಿಮ್ಮ ಮೀನುಗಳು ಹೇಳುತ್ತಿರುವುದು ಅದನ್ನೇ ಇರಬೇಕು.

ಆದ್ದರಿಂದ ಇವತ್ತು ಸಂಜೆಯೇ ಕ್ಯಾನಿಸ್ಟರಿನ ನೀರು ಹೊರಬರುವ ಮೂತಿಯನ್ನು ಮೇಲಕ್ಕೆ ತಿರುಗಿಸಿ. ನೀರು ಎಗರಿ ಚಿಮ್ಮಬಾರದು, ಮೇಲ್ಮೈ ಒಳಗಿನಿಂದ ಕುದಿಯುವ ಹಾಗೆ ಉಬ್ಬುಬ್ಬಿ ಸುಕ್ಕುಗಟ್ಟಬೇಕು. ವೇವ್‌ಮೇಕರ್ ಆಳದಲ್ಲಿದ್ದರೆ ಮೇಲಕ್ಕೆ ತಂದು, ಮೇಲ್ಮೈಗೆ ಏಳೆಂಟು ಸೆಂಟಿಮೀಟರ್ ಕೆಳಗಿರುವಂತೆ ಇಟ್ಟು, ಸ್ವಲ್ಪ ಮೇಲ್ಮುಖ ಮಾಡಿ. ಏರ್ ಪಂಪ್ ಮತ್ತು ಏರ್ ಸ್ಟೋನ್ ಇದ್ದರೆ ಈ ಒಂದು ವಾರ ಹಾಕಿಡಿ. ಉಪ್ಪು ಸಿಡಿದು ಮುಚ್ಚಳಕ್ಕೆ ಹತ್ತುತ್ತದೆ, ಹತ್ತಲಿ. ಗಾಜಿನ ಮುಚ್ಚಳ ಬಿಗಿಯಾಗಿ ಕೂರುವಂಥದ್ದಾದರೆ ಒಂದು ಕಡೆ ಬೆರಳು ತೂರುವಷ್ಟು ಎತ್ತಿಡಿ. ನಾಳೆ ಬೆಳಗ್ಗೆ ಮೀನು ಕೆಳಗಿದ್ದರೆ ಆಮ್ಲಜನಕದ್ದೇ ತೊಂದರೆ ಎಂದು ಖಾತ್ರಿ. ಆಗಲೂ ಮೇಲೆಯೇ ಇದ್ದರೆ, ಹಗಲಿನಲ್ಲೂ ಕಿವಿರು ಬಡಬಡ ಬಡಿಯುತ್ತಿದ್ದರೆ, ಅಮೋನಿಯವನ್ನು ಸಂಶಯಿಸಿ. ಪಿಎಚ್ 8.2 ಇರುವ ನೀರಿನಲ್ಲಿ ಅಮೋನಿಯದ ವಿಷಕಾರಿ ಭಾಗ, ಪಿಎಚ್ 7ರ ನೀರಿನಲ್ಲಿ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಹಾಗಾಗಿ 0.25 ಅನ್ನು 'ಸ್ವಲ್ಪ ತಾನೇ' ಎಂದು ಬಿಡುವ ಹಾಗಿಲ್ಲ. ಆದರೆ ಒಂದು ತಿರುವೂ ಇದೆ: ಕೆಲವು ಕಂಡೀಷನರ್‌ಗಳು ಅಮೋನಿಯವನ್ನು ಕಟ್ಟಿಹಾಕಿ ನಿರುಪದ್ರವಿ ಮಾಡಿದ ಮೇಲೂ ಕಿಟ್ ಅದನ್ನು ಅಮೋನಿಯ ಎಂದೇ ಲೆಕ್ಕ ಹಾಕುತ್ತದೆ. ನೀವು ಕಂಡೀಷನರ್ ಬಳಸುತ್ತಿರುವುದರಿಂದ ಆ 0.25 ಎಷ್ಟು ನಿಜ ಎನ್ನುವುದು ಅದನ್ನು ನಿಲ್ಲಿಸಿದ ಮೇಲೆ ತಿಳಿಯುತ್ತದೆ. ಅಲ್ಲಿಯವರೆಗೆ ನಿಜ ಎಂದೇ ನಡೆದುಕೊಳ್ಳಿ, ಆಹಾರ ಅರ್ಧಕ್ಕೂ ಕಡಿಮೆ ಮಾಡಿ.

ಇನ್ನು ಕೆನೆ ಮತ್ತು ನೊರೆ. ಈ ಎರಡನ್ನೂ ಒಂದೇ ಕಾಯಿಲೆ ಎಂದುಕೊಂಡು ಒಂದೇ ಮದ್ದು ಹುಡುಕುವವರೇ ಹೆಚ್ಚು. ಕೆನೆ ಎನ್ನುವುದು ನಿಂತ ನೀರಿನ ದೂರು, ನೊರೆ ಎನ್ನುವುದು ಬಡಿದ ನೀರಿನ ದೂರು. ನೀರು ಅಲುಗದ ಕಡೆ ಕೆನೆ ಕಟ್ಟುತ್ತದೆ. ನೀರನ್ನೂ ಗಾಳಿಯನ್ನೂ ಸೇರಿಸಿ ಕಡೆಯುವ ಕಡೆ ನೊರೆ ಏಳುತ್ತದೆ. ಎರಡಕ್ಕೂ ಕಚ್ಚಾ ಮಾಲು ಹೆಚ್ಚುಕಡಿಮೆ ಒಂದೇ ಇರಬಹುದು. ಆಹಾರದ ಪ್ರೋಟೀನ್, ಕೊಬ್ಬು, ಸತ್ತ ಜೀವಿಗಳ ಅವಶೇಷ, ಬ್ಯಾಕ್ಟೀರಿಯ ಸ್ರವಿಸುವ ಲೋಳೆ ಎಲ್ಲದರಲ್ಲೂ ಇರುವ ಅಣುಗಳದು ಎರಡು ಮುಖದ ಸ್ವಭಾವ. ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ನೀರು ಕಂಡರೆ ಆಗದು. ನೀರು ಮತ್ತು ಗಾಳಿ ಸಂಧಿಸುವ ಗಡಿಯಲ್ಲಿ ನಿಂತರೆ ಎರಡೂ ತುದಿಗಳಿಗೆ ನೆಮ್ಮದಿ, ಅದಕ್ಕೇ ಅವು ಅಲ್ಲಿಗೆ ಬಂದು ಸಾಲುಗಟ್ಟುತ್ತವೆ. ಆ ಗಡಿ ಟ್ಯಾಂಕಿನ ಮೇಲ್ಮೈಯಾದರೆ ಕೆನೆ, ಗುಳ್ಳೆಯ ಗೋಡೆಯಾದರೆ ನೊರೆ.

ಸ್ವಾರಸ್ಯವೆಂದರೆ ಎಣ್ಣೆ ಜಿಡ್ಡಿನ ಕೆನೆಗೂ ನೊರೆಗೂ ಆಗಿಬರುವುದಿಲ್ಲ. ಎಣ್ಣೆಯ ಸಣ್ಣ ಹನಿ ಗುಳ್ಳೆಯ ಗೋಡೆಗೆ ಹರಡಿತೆಂದರೆ ಗೋಡೆ ತೆಳುವಾಗಿ ಒಡೆಯುತ್ತದೆ. ಎಣ್ಣೆಯಂಶ ಹೆಚ್ಚಿರುವ ಆಹಾರ ಹಾಕಿದ ಮೇಲೆ ಸ್ಕಿಮ್ಮರಿನ ಕೊಳವೆಯಲ್ಲಿ ಏರಿದ್ದ ನೊರೆ ಕೆಲವೇ ನಿಮಿಷದಲ್ಲಿ ಕುಸಿಯುವುದು, ಆಮೇಲೆ ಗಂಟೆಗಟ್ಟಲೆ ಏಳದಿರುವುದು ಇದಕ್ಕೇ. ಟ್ಯಾಂಕಿನೊಳಗೆ ಕೈ ಹಾಕಿದರೂ ಹಾಗೆಯೇ. ನಿಮ್ಮ ಸೋಮವಾರ, ಗುರುವಾರದ ಲೆಕ್ಕ ಓದಿದ ಕೂಡಲೇ ನನಗೆ ಅನಿಸಿದ್ದು ಇದು: ಭಾನುವಾರ ಕಂಡೀಷನರ್ ಬಿತ್ತು, ಸೋಮವಾರ ನೊರೆ ಉಕ್ಕಿತು, ವಾರದ ನಡುವೆ ಕಂಡೀಷನರ್ ಕರಗಿಹೋಗಿ ಕ್ಯೂಬಿನ ಜಿಡ್ಡು ಸೇರುತ್ತಾ ಬಂತು, ಗುರುವಾರ ನೊರೆ ಸತ್ತಿತು. ಸ್ಕಿಮ್ಮರ್ ಕೆಟ್ಟಿಲ್ಲ. ವಾರವಿಡೀ ನೀವು ಏನೇನು ಹಾಕಿದಿರಿ ಎಂಬುದರ ದಿನಚರಿಯನ್ನು ಅದು ಬರೆಯುತ್ತಿದೆ, ಅಷ್ಟೆ.

ಕೆನೆಗೆ ಎಷ್ಟು ಜಿಡ್ಡು ಬೇಕು? ಇದನ್ನು ಕೇಳಿದರೆ ಆಶ್ಚರ್ಯಪಡುತ್ತೀರಿ. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲ್ಯಾಪಮ್‌ನ ಕೊಳವೊಂದರಲ್ಲಿ ಒಂದು ಟೀ ಚಮಚೆಗೂ ಮೀರದಷ್ಟು ಎಣ್ಣೆ ಸುರಿದು ನೋಡಿದ್ದ. ಸುಮಾರು ಅರ್ಧ ಎಕರೆ ನೀರು ಕನ್ನಡಿಯಂತೆ ನಯವಾಯಿತು ಎಂದು 1774ರಲ್ಲಿ ಪ್ರಕಟವಾದ ಅವನ ಬರಹದಲ್ಲಿದೆ. ಆ ಲೆಕ್ಕವನ್ನು ನಿಮ್ಮ ಟ್ಯಾಂಕಿಗೆ ಇಳಿಸಿ ನೋಡೋಣ. ಮೇಲ್ಮೈ 0.4 ಚದರ ಮೀಟರ್ ಆಗುತ್ತದೆ. ಎರಡು ನ್ಯಾನೋಮೀಟರ್ ದಪ್ಪದ ಪದರ ಎಂದಿಟ್ಟುಕೊಂಡರೆ ಬೇಕಾದ ಎಣ್ಣೆ ಮಿಲಿಲೀಟರಿನ ಸಾವಿರದಲ್ಲೊಂದು ಭಾಗವೂ ಅಲ್ಲ. ಒಂದು ಹನಿಯನ್ನು ಐವತ್ತು ಪಾಲು ಮಾಡಿ ಒಂದು ಪಾಲು ಹಾಕಿದರೂ ಮೇಲ್ಮೈ ಪೂರ್ತಿ ಮುಚ್ಚಿ ಇನ್ನೂ ಉಳಿಯುತ್ತದೆ. ಕೈಗೆ ಹಚ್ಚಿದ ಕ್ರೀಂ, ತಲೆ ಕೆರೆದುಕೊಂಡ ಬೆರಳು, ಒಂದೆರಡು ಪೆಲೆಟ್, ಯಾವುದಾದರೂ ಒಂದು ಸಾಕು. ಪಾತ್ರೆ ತೊಳೆಯುವ ನೀರನ್ನು ಗಮನಿಸುತ್ತಲೇ ಇಂಥ ಪದರಗಳನ್ನು ಅಳೆಯುವ ಉಪಕರಣವನ್ನು ತನ್ನ ಅಡುಗೆಮನೆಯಲ್ಲೇ ಮಾಡಿಕೊಂಡು, 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ನನಗೆ ಈ ವಿಷಯದಲ್ಲಿ ಫ್ರಾಂಕ್ಲಿನ್‌ಗಿಂತ ಹತ್ತಿರದವಳು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಹೆಣ್ಣುಮಗಳು ಬಚ್ಚಲ ನೀರಿನಿಂದ ಒಂದು ವಿಜ್ಞಾನದ ಕವಲನ್ನೇ ತೆರೆದಳು.

ಈ ಲೆಕ್ಕದ ಅರ್ಥ ಇಷ್ಟೇ: ಕೆನೆಯ ಮೂಲವನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗದು. ಮೀನಿರುವ ನೀರಿನಲ್ಲಿ ಜಿಡ್ಡು ಹುಟ್ಟುತ್ತಲೇ ಇರುತ್ತದೆ. ಕೆನೆ ಕಾಣದ ಟ್ಯಾಂಕ್‌ಗಳಲ್ಲಿ ಜಿಡ್ಡಿಲ್ಲ ಎಂದಲ್ಲ, ಅಲ್ಲಿ ಮೇಲ್ಮೈಯನ್ನು ಯಾವುದೋ ಒಂದು ದಾರಿ ದಿನವಿಡೀ ಗುಡಿಸುತ್ತಿದೆ. ನಿಮ್ಮಲ್ಲಿ ಆ ದಾರಿ ಇಲ್ಲ. ಕ್ಯಾನಿಸ್ಟರ್ ಫಿಲ್ಟರಿನ ಹೀರುಕೊಳವೆ ಎಲ್ಲಿದೆ ನೋಡಿ: ಮರಳಿಗೆ ಒಂದು ಗೇಣು ಮೇಲೆ ಇರುತ್ತದೆ. ಅದು ನಡುನೀರನ್ನು ಎಳೆದುಕೊಂಡು ಮತ್ತೆ ನಡುನೀರಿಗೇ ಬಿಡುತ್ತದೆ. ಮೇಲಿನ ಒಂದು ಕೂದಲೆಳೆಯಷ್ಟು ಪದರ ಹುಟ್ಟಿದಲ್ಲೇ ಉಳಿಯುತ್ತದೆ. ನೇತುಹಾಕುವ ಸ್ಕಿಮ್ಮರ್‌ಗಳಲ್ಲೂ ಬಹಳಷ್ಟು ಹೀರುವುದು ಕೆಳಗಿನಿಂದಲೇ.

ಕೆನೆ ಯಾವ ಜಾತಿಯದು ಎಂದು ತಿಳಿಯುವುದು ಕಷ್ಟವಲ್ಲ. ಪಂಪುಗಳನ್ನೆಲ್ಲ ಹತ್ತು ನಿಮಿಷ ನಿಲ್ಲಿಸಿ, ಕೋಣೆಯ ದೀಪ ಆರಿಸಿ, ಟಾರ್ಚನ್ನು ನೀರಿನ ಮಟ್ಟಕ್ಕೆ ಓರೆಯಾಗಿ ಹಿಡಿಯಿರಿ. ಶುಭ್ರವಾದ ಪ್ಲಾಸ್ಟಿಕ್ ಕಡ್ಡಿಯೊಂದರಿಂದ ಪದರವನ್ನು ಮೆಲ್ಲಗೆ ಸೀಳಿ. ಕಾಮನಬಿಲ್ಲಿನ ಬಣ್ಣ ಹೊಳೆದು, ಸೀಳಿದ್ದು ಕೂಡಲೇ ಮತ್ತೆ ಕೂಡಿಕೊಂಡರೆ ಅದು ಎಣ್ಣೆ. ಬಿರುಕು ಬಿಟ್ಟ ಕೆರೆಯಂಗಳದ ಹಾಗೆ ಚೂರುಚೂರಾಗಿ ಒಡೆದು, ಚೂರುಗಳು ಒಡೆದ ಜಾಗದಲ್ಲೇ ತೇಲಿದರೆ, ಕಡ್ಡಿಗೆ ಲೋಳೆ ಅಂಟಿದರೆ, ಅದು ಬ್ಯಾಕ್ಟೀರಿಯ ಕಟ್ಟಿದ ಪದರ. ನೀವು ಬರೆದಿರುವ ಬೂದು ಬಣ್ಣ, ಮೂರು ಸಲ ಹಾಕಿದ ಬ್ಯಾಕ್ಟೀರಿಯದ ಸಂಗತಿ ಎರಡೂ ಸೇರಿದರೆ ನಿಮ್ಮದು ಬಹುಮಟ್ಟಿಗೆ ಇದೇ. ಇನ್ನೊಂದು ಇದೆ, ಹಿಟ್ಟು ಉದುರಿದಂತೆ ಬಿಳಿಯಾಗಿ, ಬೆರಳಿಗೆ ಗರಗರ ಎನ್ನುವುದು. ಅದು ಹೊಸ ಅರಗೊನೈಟ್ ಮರಳಿನ ದೂಳು, ಇಲ್ಲವೇ ಉಪ್ಪು ಸರಿಯಾಗಿ ಕರಗುವ ಮೊದಲೇ ಸುರಿದಾಗ ಕೂತ ಸುಣ್ಣದಂಶ. ಪೇಪರ್ ಟವೆಲಿನಲ್ಲಿ ಎತ್ತಿ ವಿನೆಗರ್ ಒಂದು ಹನಿ ಬಿಟ್ಟರೆ ಸುರ್ರೆಂದು ಸಣ್ಣ ಗುಳ್ಳೆ ಏಳುತ್ತವೆ. ಅದರಿಂದ ಕೇಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಂದು ಬಣ್ಣದ ಹರುಕು ಚೂರುಗಳು ಗುಳ್ಳೆ ಸಮೇತ ತೇಲಿಬಂದರೆ ಅದು ಮರಳಿನ ಮೇಲೆ ಬೆಳೆದ ಡಯಾಟಮ್‌ನಂಥ ಪಾಚಿ. ಬೆಳಕಿನಲ್ಲಿ ತಾನೇ ಬಿಟ್ಟ ಆಮ್ಲಜನಕದ ಗುಳ್ಳೆ ಅದನ್ನು ಎತ್ತಿಕೊಂಡು ಬಂದಿರುತ್ತದೆ. ಅದರ ಕಥೆ ಬೇರೆ, ಇಲ್ಲಿ ಬೇಡ.

ಕಾಮನಬಿಲ್ಲಿನ ಬಣ್ಣ ಕಂಡರೆ ಮಾತ್ರ ಪಂಪುಗಳನ್ನು ಶಂಕಿಸಿ. ನಾನೊಮ್ಮೆ ಉಪ್ಪು ಬೆರೆಸುವ ಡ್ರಮ್ಮಿಗೆ, ನೆಲಮಾಳಿಗೆಯ ನೀರು ಎತ್ತುವ ಸಬ್‌ಮರ್ಸಿಬಲ್ ಪಂಪ್ ಇಳಿಬಿಟ್ಟಿದ್ದೆ. ಅಂಥ ಪಂಪುಗಳಲ್ಲಿ ಕೆಲವು ಮೋಟಾರನ್ನು ತಣ್ಣಗಿಡಲು ಒಳಗೆ ಎಣ್ಣೆ ತುಂಬಿಕೊಂಡಿರುತ್ತವೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಸೀಲ್ ಸೋರಿತ್ತು. ಎರಡು ಡ್ರಮ್ ನೀರು ಚೆಲ್ಲಿದೆ. ಟ್ಯಾಂಕಿಗೆ ಹೋಗುವ ಮೊದಲು ಕಣ್ಣಿಗೆ ಬಿದ್ದದ್ದು ಪುಣ್ಯ.

ಬಲಗಡೆಯ ಹಿಂದಿನ ಮೂಲೆ ಎಂದು ನೀವು ಗುರುತಿಸಿ ಬರೆದದ್ದು ಒಳ್ಳೆಯದಾಯಿತು. ಪಂಪುಗಳೆಲ್ಲ ಓಡುತ್ತಿರುವಾಗ ಒಂದು ಪೆಲೆಟ್ಟನ್ನು ಪುಡಿಮಾಡಿ ನಾಲ್ಕು ಕಣ ಮೇಲೆ ಉದುರಿಸಿ, ಕುರ್ಚಿ ಹಾಕಿಕೊಂಡು ಕೂತು ನೋಡಿ. ಮೂರು ಕಣ ಸುತ್ತು ಹೊಡೆದು ಎಲ್ಲೋ ಮುಳುಗುತ್ತವೆ. ನಾಲ್ಕನೆಯದು ಒಂದು ಕಡೆ ಹೋಗಿ ನಿಲ್ಲುತ್ತದೆ, ಅಲ್ಲೇ ನಡುಗುತ್ತಾ ಉಳಿಯುತ್ತದೆ. ಅದೇ ನಿಮ್ಮ ಸತ್ತ ಮೂಲೆ. ನನ್ನ ಹಳೆಯ ಟ್ಯಾಂಕಿನಲ್ಲಿ ಮೂರು ವಾರ ಕೆನೆಯ ಹಿಂದೆ ಬಿದ್ದಿದ್ದೆ. ಫಿಲ್ಟರಿನ ಕಾರ್ಬನ್ (ಕೊಳೆ ಹೀರುವ ಇದ್ದಿಲು) ಬದಲಿಸಿದೆ, ಆಹಾರ ತೊಳೆದೆ, ಕೈಗೆ ಗ್ಲೌಸ್ ಹಾಕಿದೆ. ಒಂದು ರಾತ್ರಿ ಟಾರ್ಚ್ ಬಿಟ್ಟು ನೋಡುತ್ತಿದ್ದಾಗ ಒಂದು ಕೆಂಪು ಕಣ ಮೆಲ್ಲಗೆ ಫಿಲ್ಟರ್ ಮೂತಿಯ ಬೆನ್ನಹಿಂದೆ ಸರಿದು, ಗಾಜಿಗೂ ಕೊಳವೆಗೂ ನಡುವಿನ ಎರಡು ಬೆರಳಗಲ ಜಾಗದಲ್ಲಿ ಕೂತುಬಿಟ್ಟಿತು. ಅದರ ಸುತ್ತ ಕೆನೆ ಅಂಚು ಮಡಿಸಿಕೊಂಡು ನಿಂತಿತ್ತು. ಮೂತಿ ಪಕ್ಕದ ಗಾಜಿಗೆ ಮುಖ ಮಾಡಿತ್ತು. ನೀರು ಗಾಜಿಗೆ ಬಡಿದು ಕೆಳಗಿಳಿಯುತ್ತಿತ್ತು, ಮೇಲೆ ಬರುತ್ತಲೇ ಇರಲಿಲ್ಲ. ಹೆಬ್ಬೆರಳಿನಷ್ಟು ಈಚೆಗೆ ತಿರುಗಿಸಿದೆ. ಬೆಳಗ್ಗೆ ಏಳುವ ಹೊತ್ತಿಗೆ ಮೇಲ್ಮೈ ಶುಭ್ರವಾಗಿತ್ತು, ಮೂರು ವಾರದ ಕಾರ್ಬನ್ನಿನ ಖರ್ಚು ಮಾತ್ರ ನನ್ನ ಲೆಕ್ಕಕ್ಕೆ.

ಮೂತಿ ತಿರುಗಿಸುವುದರಿಂದ ಕೆನೆ ಒಡೆದು ನೀರಿಗೆ ಬೆರೆಯುತ್ತದೆ, ಅಲ್ಲಿಂದ ಸ್ಕಿಮ್ಮರಿಗೂ ಕಾರ್ಬನ್ನಿಗೂ ಸಿಗುತ್ತದೆ. ಆದರೆ ನಿಜವಾಗಿ ಗುಡಿಸಬೇಕೆಂದರೆ ಮೇಲ್ಮೈಯಿಂದಲೇ ಹೀರುವ ಏನಾದರೊಂದು ಬೇಕು. ಕ್ಯಾನಿಸ್ಟರ್ ಕೊಳವೆಗೆ ಸಿಕ್ಕಿಸುವ ಸರ್ಫೇಸ್ ಸ್ಕಿಮ್ಮರ್ ಸಿಗುತ್ತದೆ. ತೇಲುವ ಸಣ್ಣ ಲೋಟದಂಥ ಬಾಯಿ, ನೀರಿನ ಮಟ್ಟದೊಂದಿಗೆ ತಾನೂ ಏರಿಳಿಯುತ್ತದೆ. ನಿಮ್ಮ ಏರ್ಪಾಡಿಗೆ ನಾನು ಮೊದಲು ಕೊಳ್ಳಿ ಎನ್ನುವುದು ಅದನ್ನೇ. ನೀರು ಆವಿಯಾಗಿ ಮಟ್ಟ ತೀರಾ ಇಳಿದರೆ ಅದು ಗಾಳಿ ಎಳೆಯುತ್ತದೆ, ಕ್ಯಾನಿಸ್ಟರಿನ ಹೊಟ್ಟೆಯಲ್ಲಿ ಗಾಳಿ ತುಂಬಿ ಗೊರಗೊರ ಸದ್ದು ಬರುತ್ತದೆ. ಹಾಗಾಗಿ ದಿನವೂ ಸಿಹಿನೀರು ತುಂಬಿ ಮಟ್ಟ ಕಾಯ್ದುಕೊಳ್ಳಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ, ಆದ್ದರಿಂದ ತುಂಬುವ ನೀರಿಗೆ ಉಪ್ಪು ಹಾಕಬಾರದು; ಇದು ನಿಮಗೆ ಗೊತ್ತಿರುತ್ತದೆ, ಆದರೂ ಹೇಳಿದೆ. ಮುಂದೆ ದೊಡ್ಡ ಟ್ಯಾಂಕ್ ಮಾಡಿದರೆ ಸಂಪ್ ಮತ್ತು ಓವರ್‌ಫ್ಲೋ (ಮೇಲಿನ ನೀರು ಸಂಪಿಗೆ ಇಳಿಯುವ ಕಟ್ಟೆ) ಇರುವಂತೆ ಮಾಡಿಸಿ. ಕಟ್ಟೆಯ ಮೇಲಿಂದ ತೆಳ್ಳಗೆ ಜಾರುವ ನೀರು ಮೊದಲು ಒಯ್ಯುವುದೇ ಕೆನೆಯನ್ನು. ಕಟ್ಟೆ ಅಗಲವಾದಷ್ಟೂ ಹಾಳೆ ತೆಳು, ಗುಡಿಸುವಿಕೆ ಚೊಕ್ಕ.

ಅಲ್ಲಿಯವರೆಗೆ ಪೇಪರ್ ಟವೆಲ್ ಇದೆಯಲ್ಲ. ಬಣ್ಣ, ಚಿತ್ರ, ಸುವಾಸನೆ, ಲೋಷನ್ ಯಾವುದೂ ಇಲ್ಲದ ಬಿಳಿ ಟವೆಲ್. ಪಂಪ್ ನಿಲ್ಲಿಸಿ, ಹತ್ತು ನಿಮಿಷ ಕೆನೆ ಕೂಡಿಕೊಳ್ಳಲು ಬಿಟ್ಟು, ಹಾಳೆಯನ್ನು ಒಂದು ತುದಿಯಿಂದ ಚಾಪೆ ಹಾಸಿದಂತೆ ನೀರಿನ ಮೇಲೆ ಬಿಡಿಸಿ, ಕ್ಷಣ ಬಿಟ್ಟು ಇನ್ನೊಂದು ತುದಿಗೆ ಎಳೆದು ಎತ್ತಿ. ಬಿಳಿ ಹಾಳೆಯ ಮೇಲೆ ಏನು ಬಂತು ಎಂದು ನೋಡಿದರೆ ನಿಮಗೇ ತಿಳಿಯುತ್ತದೆ. ಎರಡು ಮೂರು ಹಾಳೆ ಸಾಕು. ಪಂಪ್ ಮತ್ತೆ ಹಾಕುವುದನ್ನು ಮರೆಯಬೇಡಿ. ನಾನು ಮೊಬೈಲಿನಲ್ಲಿ ಅಲಾರಾಂ ಇಟ್ಟೇ ಪಂಪ್ ಆರಿಸುತ್ತೇನೆ.

ಈಗ ನೊರೆ. ಮೊದಲ ಪ್ರಶ್ನೆ, ಅದು ನೊರೆಯೋ ಬರೀ ಗುಳ್ಳೆಯೋ? ಉಪ್ಪುನೀರಿನಲ್ಲಿ ಗುಳ್ಳೆಗಳು ಸಿಹಿನೀರಿನಲ್ಲಿ ಕೂಡಿದಷ್ಟು ಬೇಗ ಒಂದಕ್ಕೊಂದು ಕೂಡಿ ದೊಡ್ಡದಾಗುವುದಿಲ್ಲ, ಹಾಗಾಗಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಹೇರಳ. ಪ್ರೋಟೀನ್ ಸ್ಕಿಮ್ಮರ್ ಸಮುದ್ರದ ನೀರಿನಲ್ಲಿ ಕೆಲಸ ಮಾಡುವಷ್ಟು ಚೆನ್ನಾಗಿ ಸಿಹಿನೀರಿನಲ್ಲಿ ಮಾಡದಿರಲು ಇದೂ ಒಂದು ಕಾರಣ. ಸಿಹಿನೀರಿನ ಟ್ಯಾಂಕ್ ಇಟ್ಟು ಅಭ್ಯಾಸವಾದವರಿಗೆ ಇದೇ ದೊಡ್ಡ ಅನಾಹುತದಂತೆ ಕಾಣುತ್ತದೆ. ನೀರು ಬೀಳುವ ಕಡೆ ಎದ್ದು, ಐದು ಸೆಕೆಂಡಿನಲ್ಲಿ ಇಲ್ಲವಾಗುವ ಗುಳ್ಳೆಗೆ ಏನೂ ಮಾಡಬೇಕಿಲ್ಲ. ಮೂಲೆಗೆ ಸರಿದು ಗುಡ್ಡೆಯಾಗಿ ನಿಂತು, ಊದಿದರೂ ಒಡೆಯದಿದ್ದರೆ ಮಾತ್ರ ಅದು ನೊರೆ, ಅದಕ್ಕೆ ಮಾತ್ರ ಕಾರಣ ಹುಡುಕಬೇಕು.

ಹುಡುಕಲು ನಾಲ್ಕು ಗಾಜಿನ ಬಾಟಲಿ ಸಾಕು. ಸೋಪು ಮುಟ್ಟಿಸದೆ ಬಿಸಿನೀರಿನಲ್ಲಿ ತೊಳೆದ, ಮುಚ್ಚಳವಿರುವ ಬಾಟಲಿಗಳು. ಒಂದಕ್ಕೆ ಬರೀ ಆರ್‌ಒ ನೀರು, ನೀವು ದಿನವೂ ಬಳಸುವ ಕ್ಯಾನಿನಿಂದಲೇ ತೆಗೆದದ್ದು. ಎರಡನೆಯದಕ್ಕೆ ಅದೇ ನೀರು, ಕಂಡೀಷನರ್ ನೀವು ಹಾಕುವ ಪ್ರಮಾಣದಲ್ಲಿ. ಮೂರನೆಯದಕ್ಕೆ ಅದೇ ನೀರು, ಉಪ್ಪು ಮಾತ್ರ ಬೆರೆಸಿದ್ದು. ನಾಲ್ಕನೆಯದಕ್ಕೆ ಟ್ಯಾಂಕಿನ ನೀರು. ಎಲ್ಲವನ್ನೂ ಅರ್ಧ ತುಂಬಿ, ಒಂದೊಂದನ್ನೂ ಇಪ್ಪತ್ತು ಸಲ ಕುಲುಕಿ, ಸಾಲಾಗಿ ಇಟ್ಟು ಗಡಿಯಾರ ನೋಡಿ. ಅರ್ಧ ನಿಮಿಷವಾದ ಮೇಲೂ ಗಾಜಿನ ಸುತ್ತ ಬಿಳಿ ಉಂಗುರ ಉಳಿದ ಬಾಟಲಿಯೇ ಕಳ್ಳ.

ಮೊದಲ ಬಾಟಲಿಯೇ ನೊರೆಗಟ್ಟಿದರೆ ಕ್ಯಾನಿನಲ್ಲೋ ಬಕೆಟ್ಟಿನಲ್ಲೋ ಸೋಪಿನ ಅಂಶ ಉಳಿದಿದೆ. ನೆಲ ಒರೆಸುವ ಬಕೆಟ್ಟನ್ನು ತೊಳೆದು ಬಳಸಿದವರು ಸಿಕ್ಕಿಬೀಳುವುದು ಇಲ್ಲೇ. ಪ್ಲಾಸ್ಟಿಕ್ ಹೀರಿಕೊಂಡದ್ದನ್ನು ವಾರಗಟ್ಟಲೆ ಬಿಡುತ್ತಿರುತ್ತದೆ. ಆ ಬಕೆಟ್ ನೆಲಕ್ಕೇ ಇರಲಿ, ಟ್ಯಾಂಕಿಗೆ ಬೇರೆ ಕೊಳ್ಳಿ. ಸೋಪು ಮೀನಿನ ಕಿವಿರಿಗೆ ನೇರ ಪೆಟ್ಟು, ಆದ್ದರಿಂದ ಇದೊಂದು ಸಂದರ್ಭದಲ್ಲಿ ಮಾತ್ರ ನಾನು ಕಾಯಿರಿ ಎನ್ನುವುದಿಲ್ಲ: ಅದೇ ದಿನ ಕಾಲು ಭಾಗ ನೀರು, ಮಾರನೆಯ ದಿನ ಮತ್ತೆ ಕಾಲು ಭಾಗ, ಜೊತೆಗೆ ಹೊಸ ಕಾರ್ಬನ್.

ಎರಡನೆಯದರಲ್ಲಿ ನೊರೆ ನಿಲ್ಲುತ್ತದೆ ಎಂದು ನನ್ನ ಪಂದ್ಯ. ಕ್ಲೋರಿನ್ ತೆಗೆಯುವುದಷ್ಟೇ ಅಲ್ಲದೆ ಮೀನಿನ ಮೈಲೋಳೆ ಕಾಪಾಡುತ್ತದೆ ಎಂದು ಹೇಳಿಕೊಳ್ಳುವ ಕಂಡೀಷನರ್‌ಗಳಲ್ಲಿ ಲೋಳೆಸರದ ರಸವೋ ಅಂಥದೇ ಅಂಟು ಪದಾರ್ಥವೋ ಇರುತ್ತದೆ. ಸ್ಕಿಮ್ಮರಿಗೆ ಅದು ಹಬ್ಬದೂಟ. ನಲ್ಲಿ ನೀರು ಬಳಸುವವರಿಗೆ ಕ್ಲೋರಿನ್ ತೆಗೆಯದೆ ಗತಿಯಿಲ್ಲ. ಆರ್‌ಒ ಯಂತ್ರದಲ್ಲಿ ಪೊರೆಗೂ ಮೊದಲು ಕಾರ್ಬನ್ ಹಂತವೇ ಕ್ಲೋರಿನ್ ಹಿಡಿದುಹಾಕುತ್ತದೆ, ಆ ಕಾರ್ಬನ್ ಕಾಲಕಾಲಕ್ಕೆ ಬದಲಾಗುತ್ತಿದ್ದರೆ ನಿಮಗೆ ಕಂಡೀಷನರ್ ಯಾಕೆ ಬೇಕು? 'ಯಾವುದಕ್ಕೂ ಇರಲಿ' ಎಂದು ಹಾಕಿದ ವಸ್ತುಗಳೇ ಹೊಸ ಟ್ಯಾಂಕಿನ ಅರ್ಧ ತೊಂದರೆಗೆ ಕಾರಣ. ಈ ಭಾನುವಾರ ಬಿಟ್ಟುಬಿಡಿ, ಸೋಮವಾರ ಸ್ಕಿಮ್ಮರ್ ಉಕ್ಕುತ್ತದೋ ಇಲ್ಲವೋ ನೋಡಿ.

ಮೂರನೆಯ ಬಾಟಲಿ ಸುಮ್ಮನಿರಬೇಕು. ನಾಲ್ಕನೆಯದು ಮಾತ್ರ ನೊರೆಗಟ್ಟಿ, ವಾಸನೆ ಬರೀ ಸಮುದ್ರದ್ದಾದರೆ, ಅದು ಹೊಸ ಟ್ಯಾಂಕಿನ ಸಾವಯವ ಹೊರೆ: ಒಣ ಕಲ್ಲಿನ ಸಂದಿಯಲ್ಲಿ ಒಣಗಿ ಕೂತಿದ್ದ ಸ್ಪಂಜು, ಹುಳುಗಳ ಅವಶೇಷ ಈಗ ನೆನೆದು ಕೊಳೆಯುತ್ತಿದೆ, ನೀವು ಮೂರು ಸಲ ಹಾಕಿದ ಬ್ಯಾಕ್ಟೀರಿಯ ಅದನ್ನು ತಿಂದು ತಾನೂ ಬೆಳೆದು ಸಾಯುತ್ತಿದೆ. ಬಾಟಲಿ ಮೂಗಿಗೆ ಹಿಡಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಲ್ಲಿನ ಹಿಂದೆ ಏನೋ ಸತ್ತಿದೆ ಅಥವಾ ಮರಳಿನೊಳಗೆ ಆಹಾರ ಹೂತು ಕೊಳೆತಿದೆ. ಆಗ ಹುಡುಕಿ ತೆಗೆಯುವವರೆಗೆ ಬೇರೇನೂ ಫಲ ಕೊಡದು.

ಬ್ಯಾಕ್ಟೀರಿಯದ ಬಾಟಲಿಯನ್ನು ಇನ್ನು ಮುಟ್ಟಬೇಡಿ. ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಸರಪಳಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ನೀವು ಅದರ ಕೊನೆಯ ಹಂತದಲ್ಲಿದ್ದೀರಿ. ಈ ಹೊತ್ತಿನಲ್ಲಿ ನೀರೆಲ್ಲ ಚೆಲ್ಲಿ, ಕಲ್ಲು ಮರಳು ತೊಳೆದು ಶುರುಮಾಡಿದರೆ ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟಂತೆ. ಐದು ವಾರದ ಬೆಳೆ ಹೋಗುತ್ತದೆ, ಮೀನು ಮಾತ್ರ ಅಮೋನಿಯದಲ್ಲಿ ಉಳಿಯುತ್ತದೆ, ಕೆನೆ ಇನ್ನೊಮ್ಮೆ ಬರುತ್ತದೆ. ನೊರೆ ಇಳಿಸುವ ದ್ರಾವಣದ ಕಥೆಯೂ ಹಾಗೆಯೇ. ಅವುಗಳಲ್ಲಿ ಬಹುಪಾಲು ಎಣ್ಣೆಯದೋ ಸಿಲಿಕೋನಿನದೋ ಕಸುಬು: ಗುಳ್ಳೆಯ ಗೋಡೆ ಒಡೆಯುವುದು. ನೊರೆ ಮಾಯವಾಗುತ್ತದೆ, ಜೊತೆಗೆ ಸ್ಕಿಮ್ಮರ್ ಸಾಯುತ್ತದೆ, ಮೇಲ್ಮೈಗೆ ಹೊಸ ಕೆನೆ ಸೇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸ್ಕಿಮ್ಮರ್ ಬಗ್ಗೆ ಎರಡು ಮಾತು. ಹೊಸ ಸ್ಕಿಮ್ಮರಿನ ಪ್ಲಾಸ್ಟಿಕ್ಕಿಗೆ ತಯಾರಿಕೆಯ ಜಿಡ್ಡು ಅಂಟಿರುತ್ತದೆ. ಒಳಗೋಡೆಗೆ ತೆಳು ಜೈವಿಕ ಪದರ ಕೂರುವವರೆಗೆ, ಅಂದರೆ ಒಂದೆರಡು ವಾರ, ಅದು ಕಾರಣವಿಲ್ಲದೆ ಉಕ್ಕುತ್ತದೆ, ಕಾರಣವಿಲ್ಲದೆ ಮುನಿಸಿಕೊಳ್ಳುತ್ತದೆ, ಸಣ್ಣ ಗುಳ್ಳೆಗಳನ್ನು ಟ್ಯಾಂಕಿಗೆ ಉಗುಳುತ್ತದೆ. ನಿಮ್ಮದಕ್ಕೆ ಹತ್ತೇ ದಿನ. ದಿನಕ್ಕೆ ಹತ್ತು ಸಲ ತಿರುಪು ತಿರುಗಿಸಬೇಡಿ. ನೊರೆ ಕೊಳವೆಯ ಕುತ್ತಿಗೆಯ ಅರ್ಧದವರೆಗೆ ಮಾತ್ರ ಏರಿ ಅಲ್ಲೇ ಆಡುವಷ್ಟು ನೀರಿನ ಮಟ್ಟ ಇಳಿಸಿ, ಎರಡು ದಿನ ಮುಟ್ಟದೆ ಬಿಡಿ. ಕಪ್ಪಿನಲ್ಲಿ ತಿಳಿನೀರು ತುಂಬುತ್ತಿದ್ದರೆ ಮಟ್ಟ ಇನ್ನೂ ಹೆಚ್ಚು. ಚಹಾದ ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ದ್ರವ ಕಂಡರೆ ಅದು ತನ್ನ ಕೆಲಸ ಮಾಡುತ್ತಿದೆ. ಕುತ್ತಿಗೆಯ ಒಳಗೆ ಅಂಟಿದ ಜಿಡ್ಡನ್ನು ಎರಡು ಮೂರು ದಿನಕ್ಕೊಮ್ಮೆ ಬಟ್ಟೆಯಿಂದ ಒರೆಸಿ. ಆ ಒಂದು ಬೆರಳಗಲದ ಜಿಡ್ಡಿನ ಪಟ್ಟಿ ನೊರೆ ಮೇಲೇರದಂತೆ ತಡೆಯುತ್ತದೆ. ಕಲ್ಲು ಅಂಟಿಸಲು ಎಪಾಕ್ಸಿ ಬಳಸಿದ್ದರೆ ಕೆಲವು ದಿನ ಉಕ್ಕುವುದು ಖಂಡಿತ, ಆಗ ಕಪ್ಪು ತೆಗೆದಿಡುವುದೇ ಜಾಣತನ.

ಆಹಾರ: ಎರಡು ಸಣ್ಣ ಕ್ಲೌನ್ ಮೀನಿಗೆ ದಿನಕ್ಕೆ ಇಡೀ ಕ್ಯೂಬ್ ಅತಿಯಾಯಿತು, ಅದರಲ್ಲಿ ಕಾಲು ಭಾಗ ಸಾಕು. ಸಣ್ಣ ಜಾಲರಿಯಲ್ಲಿ ಕ್ಯೂಬ್ ಕರಗಿಸಿ, ಇಳಿದ ಕೆಂಪು ರಸವನ್ನು ಚೆಲ್ಲಿ, ಆರ್‌ಒ ನೀರಿನಲ್ಲಿ ಒಮ್ಮೆ ಜಾಲಿಸಿ ಹಾಕಿ. ಆ ರಸವನ್ನು ಮೀನು ತಿನ್ನುವುದಿಲ್ಲ, ಕೆನೆ ತಿನ್ನುತ್ತದೆ. ಪೆಲೆಟ್ ಈ ಎರಡು ವಾರ ನಿಲ್ಲಿಸಿ. ಕೈ ಹಾಕುವ ಮೊದಲು ಸೋಪಿನಿಂದ ತೊಳೆಯುವುದಾದರೆ ಆಮೇಲೆ ಬರೀ ನೀರಿನಲ್ಲಿ ಮೊಣಕೈವರೆಗೆ ಇನ್ನೆರಡು ಸಲ ತೊಳೆಯಿರಿ. ಟ್ಯಾಂಕ್ ಇರುವ ಕೋಣೆಯಲ್ಲಿ ರೂಂ ಫ್ರೆಶ್ನರ್ ಬೇಡ. ಕೀಟನಾಶಕ ಸ್ಪ್ರೇ ಅಂತೂ, ಮುಂದೆ ಸೀಗಡಿ, ಏಡಿ ತರುವ ಆಸೆಯಿರಲಿ ಇಲ್ಲದಿರಲಿ, ಮರೆತೇಬಿಡಿ. ಒಗ್ಗರಣೆಯ ಹೊಗೆ ತಲುಪುವಷ್ಟು ಹತ್ತಿರದಲ್ಲಿ ಟ್ಯಾಂಕ್ ಇದ್ದರೂ ಕೆನೆಗೆ ದಿನವೂ ಒಂದು ಪಾಲು ಸಿಗುತ್ತಿರುತ್ತದೆ.

ಕಾರ್ಬನ್ ಅರ್ಧ ಕಪ್ಪಿನಷ್ಟು, ಕಪ್ಪು ನೀರು ಹೋಗುವವರೆಗೆ ಆರ್‌ಒ ನೀರಿನಲ್ಲಿ ತೊಳೆದು ಜಾಲಿಯ ಚೀಲದಲ್ಲಿ ಕ್ಯಾನಿಸ್ಟರಿಗೆ ಹಾಕಿ, ಮೂರು ವಾರಕ್ಕೆ ಬದಲಿಸಿ. ಕ್ಯಾನಿಸ್ಟರಿನ ಸ್ಪಂಜನ್ನು ವಾರಕ್ಕೊಮ್ಮೆ, ತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡಿ. ನೀರು ಬದಲಿಸುವುದು ವಾರಕ್ಕೆ ಶೇಕಡ 15 ಸಾಕು; ಉಪ್ಪು ಹಿಂದಿನ ದಿನವೇ ಬೆರೆಸಿ, ಸಾಂದ್ರತೆ 1.025ರಿಂದ 1.026ರಲ್ಲಿ, ಟ್ಯಾಂಕಿನಷ್ಟೇ ಬೆಚ್ಚಗಿರಲಿ.

ಇದೆಲ್ಲ ಮಾಡಿದ ಮೇಲೆ ಕೆನೆ ಎರಡು ಮೂರು ದಿನದಲ್ಲಿ ಹೋಗಬೇಕು, ನೊರೆಗೆ ಎರಡು ವಾರ ಕೊಡಿ. ನೀರು ಹಾಲಿನಂತೆ ಬೆಳ್ಳಗಾದರೆ ಬ್ಯಾಕ್ಟೀರಿಯ ವಿಪರೀತ ಹೆಚ್ಚುತ್ತಿದೆ ಎಂದರ್ಥ. ಆಹಾರ ಎರಡು ದಿನ ನಿಲ್ಲಿಸಿ ಏರ್ ಸ್ಟೋನ್ ರಾತ್ರಿಯೆಲ್ಲ ಓಡಲಿ. ನೊರೆ ದಿನವಿಡೀ ಇಲ್ಲದೆ, ಮಟ್ಟ ಇಳಿದ ಸಂಜೆಗಳಲ್ಲಿ ಮಾತ್ರ ಕಂಡರೆ ಮೂತಿ ಗಾಳಿ ಎಳೆಯುತ್ತಿದೆ, ನೀರು ತುಂಬಿದರೆ ಮುಗಿಯಿತು. ಮತ್ತೆ ಬರೆಯುವುದಾದರೆ ನಾಲ್ಕು ಬಾಟಲಿಯ ಫಲಿತಾಂಶವನ್ನೂ, ಕಂಡೀಷನರ್ ಇಲ್ಲದ ಸೋಮವಾರ ಹೇಗಿತ್ತು ಎಂಬುದನ್ನೂ ಬರೆಯಿರಿ. ಆ ಹೊತ್ತಿಗೆ ಉಪ್ಪು ಸಿಡಿದು ವೈರುಗಳ ಮೇಲೆ ಬಿಳಿ ಹರಳು ಕಟ್ಟಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸುವ ಮೊದಲು ಪ್ಲಗ್ ಕೀಳಿ, ಪ್ಲಗ್ಗಿಗೆ ಹೋಗುವ ಪ್ರತಿ ವೈರೂ ಒಮ್ಮೆ ಕೆಳಗಿಳಿದು ಮೇಲೇರುವಂತೆ ಬಾಗಿಸಿಡಿ, ಹನಿ ಬಾಗಿನಲ್ಲೇ ತೊಟ್ಟಿಕ್ಕಲಿ.